ನಾನು ಡಿಲೀಟ್ ಮಾಡಿದ ಆಟ

ಈ ವಾರ ವಿಡಿಯೋದಲ್ಲಿ ಮಾತಾಡಿದ್ದನ್ನ ಆಫೀಸ್ ಬಸ್ಸಲ್ಲಿ ಓದೋರಿಗೆ ಅಂತ ಇಲ್ಲಿ ಬರೆದಿಡ್ತಿದ್ದೀನಿ. ವಿಷಯ, ಕಾಲೇಜು ಆಟಗಳ ಫೋಟೋ.

ಎಂ.ಟೆಕ್ ಓದುವಾಗ ನಮ್ಮ ಹಾಸ್ಟೆಲ್ ಫ್ಲೋರಿನಲ್ಲಿ ಕ್ಯಾಮೆರಾ ಇದ್ದವನು ನಾನೊಬ್ಬನೇ. ಸಂಜೆ ಫುಟ್‌ಬಾಲ್ ಪ್ರಾಕ್ಟೀಸ್‌ಗೆ ಹೋಗಿ ಗೋಲ್ ಪೋಸ್ಟ್ ಪಕ್ಕ ಕೂತು ಫೋಟೋ ತೆಗೀತಿದ್ದೆ. ರಾತ್ರಿ ಊಟ ಆದ್ಮೇಲೆ ಕಾರಿಡಾರಿನಲ್ಲಿ ನಮ್ಮದೇ ಇನ್ನೊಂದು ಆಟ. ಬ್ಯಾಟಿಗೆ ಹವಾಯಿ ಚಪ್ಪಲಿ, ವಿಕೆಟ್ಟಿಗೆ ಸ್ನಾನದ ಬಕೆಟ್ಟು. ಅದನ್ನೂ ತೆಗೆದಿದ್ದೆ. ಆದರೆ ಇಂಟರ್ ಕಾಲೇಜ್ ಫೈನಲ್ ದಿನ ಮೆಮೊರಿ ಕಾರ್ಡ್ ತುಂಬಿತ್ತು. ಹಿಂದೆ ಮುಂದೆ ನೋಡದೆ ಕಾರಿಡಾರ್ ಫೋಟೋಗಳನ್ನೆಲ್ಲ ಡಿಲೀಟ್ ಮಾಡಿದೆ.

ಈ ತಪ್ಪಿನ ತೂಕ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1869ರ ನವೆಂಬರ್ 6. ಅಮೆರಿಕದ ನ್ಯೂ ಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಇವತ್ತಿನ ಪ್ರಿನ್ಸ್‌ಟನ್ ನಡುವೆ ಪಂದ್ಯ. ಅಮೆರಿಕದಲ್ಲಿ ಎರಡು ಕಾಲೇಜುಗಳ ಮಧ್ಯೆ ನಡೆದ ಮೊದಲ ಫುಟ್‌ಬಾಲ್ ಪಂದ್ಯ ಅಂತ ಇದನ್ನೇ ಹೇಳ್ತಾರೆ. ಒಂದೊಂದು ಕಡೆ 25 ಜನ. ರಟ್ಗರ್ಸ್ 6–4ರಿಂದ ಗೆದ್ದಿತು. ಸ್ಕೋರ್ ನಮಗೆ ಗೊತ್ತು, ಆದರೆ ಆ ಓಟವನ್ನ ಹಿಡಿಯೋ ಕ್ಯಾಮೆರಾ ಆಗ ಇರಲಿಲ್ಲ. ಗಾಜಿನ ಪ್ಲೇಟಿಗೆ ರಾಸಾಯನಿಕ ಸವರಿ, ಅದು ಒಣಗೋ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಎಕ್ಸ್‌ಪೋಷರ್‌ಗೇ ಕೆಲವು ಸೆಕೆಂಡು ಬೇಕು. ಓಡೋ ಹುಡುಗ ಬರೀ ಮಬ್ಬು ಗೆರೆ ಆಗ್ತಿದ್ದ. ಅದಕ್ಕೇ ಆ ಕಾಲದ ಟೀಮ್ ಫೋಟೋಗಳಲ್ಲಿ ಎಲ್ಲರೂ ಕಂಬದ ಹಾಗೆ ನಿಂತಿರ್ತಾರೆ.

1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಒಣ ಪ್ಲೇಟಿನ ದಾರಿ ತೋರಿಸಿದ. 1884ರಿಂದ ಎಡ್ವರ್ಡ್ ಮೈಬ್ರಿಡ್ಜ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಮೆರಾಗಳನ್ನ ಸಾಲಾಗಿ ಇಟ್ಟು ಚಲನೆಯನ್ನ ಹಂತಹಂತವಾಗಿ ಸೆರೆಹಿಡಿದ. ಓಡೋದು, ಜಿಗಿಯೋದು, ಚೆಂಡು ಎಸೆಯೋದು ಎಲ್ಲ ಅದರಲ್ಲಿತ್ತು. ಅಲ್ಲಿನ ಕಾಲೇಜು ಆಟಗಾರರೂ ಅವನ ಕ್ಯಾಮೆರಾ ಮುಂದೆ ಓಡಿದರು. 1887ರಲ್ಲಿ ಆ ಕೆಲಸ 781 ಪ್ಲೇಟುಗಳಾಗಿ ಪ್ರಕಟವಾಯಿತು.

ಆಮೇಲೆ ನಮ್ಮಂಥ ಒಬ್ಬ ಇಂಜಿನಿಯರ್ ಬರ್ತಾನೆ. ಎಂಐಟಿಯ ಎಲೆಕ್ಟ್ರಿಕಲ್ ಪ್ರೊಫೆಸರ್ ಹೆರಾಲ್ಡ್ ಎಡ್ಜರ್ಟನ್. ಕತ್ತಲಲ್ಲಿ ಕ್ಷಣಮಾತ್ರ ಮಿಂಚೋ ಫ್ಲ್ಯಾಶ್ ಅವನ ಅಸ್ತ್ರ. 1934ರಲ್ಲಿ ವೆಸ್ ಫೆಸ್ಲರ್ ಫುಟ್‌ಬಾಲ್ ಒದೆಯೋ ಫೋಟೋ ತೆಗೆದ. ಅದರಲ್ಲಿ ಬೂಟಿನ ತುದಿ ಚೆಂಡಿನೊಳಗೆ ಹೂತುಹೋಗಿದೆ, ಗಟ್ಟಿ ಚೆಂಡು ಹಿಟ್ಟಿನ ಉಂಡೆ ಥರ ತಗ್ಗಿದೆ. ನಮ್ಮ ಕಣ್ಣು ಇದನ್ನ ಯಾವತ್ತೂ ನೋಡಲಾರದು.

ಅಲ್ಲಿಗೆ ವೇಗದ ಸಮಸ್ಯೆ ಮುಗೀತು. ಉಳಿದಿದ್ದು, ಕ್ಯಾಮೆರಾ ಯಾರ ಕಡೆ ತಿರುಗಿಸ್ತೀವಿ ಅನ್ನೋದು.

ಯಾಕಂದ್ರೆ ಹುಡುಗಾಟ ಯಾವಾಗ ಇತಿಹಾಸ ಆಗುತ್ತೋ ಹೇಳಕ್ಕಾಗಲ್ಲ. 1968ರಲ್ಲಿ ಅದೇ ನ್ಯೂ ಜೆರ್ಸಿಯ ಮೇಪಲ್‌ವುಡ್‌ನಲ್ಲಿ ಹೈಸ್ಕೂಲ್ ಹುಡುಗರು ಫ್ರಿಸ್ಬಿ ತಟ್ಟೆ ಹಿಡಿದು ಹೊಸ ಆಟ ಶುರುಮಾಡಿದರು. ಅದೇ ಅಲ್ಟಿಮೇಟ್. ಅವರಲ್ಲೊಬ್ಬ ಜೋಯೆಲ್ ಸಿಲ್ವರ್, ಮುಂದೆ ‘ದ ಮ್ಯಾಟ್ರಿಕ್ಸ್’ ಸಿನಿಮಾದ ನಿರ್ಮಾಪಕ. 1972ರ ನವೆಂಬರ್ 6ರಂದು ಮತ್ತೆ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಎದುರುಬದುರಾದವು, ಈ ಸಲ ಕಾಲೇಜುಗಳ ಮೊದಲ ಅಲ್ಟಿಮೇಟ್ ಪಂದ್ಯಕ್ಕೆ. ತಾರೀಖೂ ಅದೇ, ಜಾಗವೂ ಅದೇ, ಆದರೆ ಮೈದಾನ ಪಾರ್ಕಿಂಗ್ ಲಾಟ್ ಆಗಿತ್ತು. ರಟ್ಗರ್ಸ್ 29–27ರಿಂದ ಗೆದ್ದಿತು. ಈಗ ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ಪೇ ಇದೆ.

ನಮ್ಮ ಬಕೆಟ್ ಆಟ ಅಲ್ಲೀವರೆಗೆ ಹೋಗಲ್ಲ ಬಿಡಿ. ಆದರೆ ಹೋದ ವರ್ಷ ಪುಣೆಯಲ್ಲಿ ಬ್ಯಾಚಿನವರೆಲ್ಲ ಸೇರಿದಾಗ ಹಾರ್ಡ್ ಡಿಸ್ಕ್ ತಂದು ತೋರಿಸಿದೆ. ಫೈನಲ್ ಫೋಟೋ ಎರಡು ನಿಮಿಷದಲ್ಲಿ ಮುಗೀತು. ಒಬ್ಬ ಸುಮ್ಮನೆ ನೋಡ್ತಾ ಕೂತಿದ್ದವನು ಕೇಳಿದ, “ನಾನು ಎಲ್ಲಿದ್ದೀನೋ ಇದ್ರಲ್ಲಿ?” ಅವನು ಎಲ್ಲೂ ಇರಲಿಲ್ಲ. ಟೀಮಿಗೆ ಸೆಲೆಕ್ಟ್ ಆಗದ ನಮ್ಮ ಅರ್ಧ ಬ್ಯಾಚು ಆಡ್ತಿದ್ದಿದ್ದು ಕಾರಿಡಾರಿನಲ್ಲಿ ಮಾತ್ರ. 1869ರಲ್ಲಿ ತಪ್ಪು ಯಂತ್ರದ್ದು, ನಮ್ಮಲ್ಲಿ ತಪ್ಪು ನನ್ನದು.

ನಿಮ್ಮ ಹಳೇ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಒಂದ್ಸಲ ತೆಗೆದು ನೋಡಿ. ಅಂಥ ಫೋಟೋ ಸಿಕ್ಕರೆ ಅದರಲ್ಲಿರೋರಿಗೆ ಇವತ್ತೇ ಕಳಿಸಿ. ಮುಂದಿನ ವಾರ ಸಿಗೋಣ.