ಮೂರು ಕ್ಲಿಕ್, ಒಂದು ಮದನಿಕೆ

ಹುಮನಾಬಾದಿನಲ್ಲಿ ಕಾಕಾನ ಸ್ಟುಡಿಯೋದ ಹಿಂದೆ ಕೆಂಪು ಬಲ್ಬಿನ ಕತ್ತಲೆ ಕೋಣೆಯಿತ್ತು. ಪ್ರಿಂಟ್ ಹಾಕುವಾಗ ಮುಖ ಕಪ್ಪಾಗದಂತೆ ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. "ಕೈ ಆಡಿಸ್ತಾ ಇರಬೇಕು, ಇಲ್ಲಂದ್ರ ಗೆರಿ ಬೀಳ್ತದ" ಅನ್ನುತ್ತಿದ್ದ. ಬೆಳಕು, ನೆರಳು ಎರಡರ ವಿವರವನ್ನೂ ಒಂದೇ ಚಿತ್ರದಲ್ಲಿ ಉಳಿಸುವ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಎಂಬ ಹೆಸರು ಅವನಿಗೆ ಗೊತ್ತಿರಲಿಲ್ಲ, ಕೆಲಸ ಮಾತ್ರ ಅದೇ.

ಕಸುಬು ಅವನಿಗಿಂತಲೂ ಹಳೆಯದು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ದಿಗಂತದಲ್ಲಿ ಬೆಸೆದ. ಅಂದಿನ ಗಾಜಿನ ಪ್ಲೇಟಿನಲ್ಲಿ ನೀಲಿ ಆಕಾಶ ಬರೀ ಬಿಳಿಯಾಗುತ್ತಿತ್ತಲ್ಲ! ಹಲವು ಎಕ್ಸ್‌ಪೋಶರುಗಳನ್ನು ಕಂಪ್ಯೂಟರಿನಲ್ಲಿ ಕೂಡಿಸುವ ಲೆಕ್ಕವನ್ನು 1997ರಲ್ಲಿ ಡೆಬೆವೆಕ್ ಮತ್ತು ಮಲಿಕ್ ಪ್ರಕಟಿಸಿದರು.

ನನ್ನ ಮೊದಲ ಪ್ರಯತ್ನ ಜಲಸಂಗ್ವಿಯ ಗುಡಿಯಲ್ಲಿ. ಅಲ್ಲೊಬ್ಬ ಮದನಿಕೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತಿದ್ದಾಳೆ. 1076ರಿಂದ ಸುಮಾರು ಐವತ್ತು ವರ್ಷ ಕಲ್ಯಾಣದಿಂದ ಆಳಿದವನು ಅವನು. ಅವಳ ಅಕ್ಷರ ಕಂಡರೆ ಆಕಾಶ ಸುಟ್ಟುಹೋಗುತ್ತದೆ. ಆಕಾಶ ಉಳಿಸಿದರೆ ಅವಳೇ ಮಸಿ. ಟ್ರೈಪಾಡ್ ಊರಿ, ಐಎಸ್‌ಒ 100 ಇಟ್ಟು, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಕ್ಲಿಕ್. ಮೂರನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದಾಗ ಗಾಳಿಗೆ ಅಲುಗಿದ ಗಿಡದ ಎಲೆಗಳು ಮೂರು ಮೂರಾಗಿ ಮೂಡಿದವು. ಆಸೆಗೆ ಎಚ್‌ಡಿಆರ್ ಪರಿಣಾಮದ ಸ್ಲೈಡರ್ ಪೂರ್ತಿ ಎಳೆದೆ: ಸುಮಾರು ಒಂಬೈನೂರು ವರ್ಷದ ಕಲ್ಲು ಜಾತ್ರೆಯ ಪ್ಲಾಸ್ಟಿಕ್ ಗೊಂಬೆಯಾಯಿತು. ಅರ್ಧಕ್ಕಿಂತ ಕೆಳಗಿಳಿಸಿದ ಮೇಲೆಯೇ ಅಕ್ಷರಗಳು ಕಂಡದ್ದು.

ಮುಂದಿನ ವಾರ ಬಸವಕಲ್ಯಾಣದ ಕೋಟೆ ಬಾಗಿಲಿನ ಕತ್ತಲೆಗೆ ಮೂರು ಸಾಲಲಿಲ್ಲ, ಐದು ಕ್ಲಿಕ್ ಬೇಕಾದವು.