ಲೋಫರ್ ಎಂಬ ಬೈಗುಳ ಯಾರಿಗೆ?

ಕನ್ನಡದಲ್ಲಿ ಬೈಗುಳಕ್ಕೆ ಬರವಿಲ್ಲ. ಉಂಡಾಡಿ, ಪೋಲಿ, ಪುಂಡ, ಪೋಕರಿ, ದಂಡಪಿಂಡ, ಅಡ್ನಾಡಿ – ಇಷ್ಟೆಲ್ಲ ಇದ್ದರೂ ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಬರುವುದು ‘ಲೋಫರ್’. ಇಂಗ್ಲಿಷಿನ ಗಂಧಗಾಳಿ ಇಲ್ಲದವರೂ ಸಲೀಸಾಗಿ ಬಳಸುತ್ತಾರೆ. ಬಸ್ಸಿನ ನೂಕುನುಗ್ಗಲಲ್ಲಿ ಹೆಣ್ಣುಮಕ್ಕಳ ಮೈಮೇಲೆ ಬೀಳುವವನು ಲೋಫರ್. ಬಿ.ಕಾಂ. ಮುಗಿಸಿ, ಅರ್ಜಿ ಹಾಕಿ ಹಾಕಿ ಸೋತು, ಸಂಜೆ ಹೊತ್ತು ಅರಳಿಕಟ್ಟೆಯ ಮೇಲೆ ಕೂರುವ ಹುಡುಗನೂ ಲೋಫರ್. ಮೊದಲನೆಯವನು ತಪ್ಪು ಮಾಡಿದ್ದಾನೆ, ಸರಿ. ಎರಡನೆಯವನು ಮಾಡಿದ್ದಾದರೂ ಏನು?

ಹುಟ್ಟಿದಾಗ ಈ ಪದಕ್ಕೆ ಇಷ್ಟು ವಿಷ ಇರಲಿಲ್ಲ. ಅಮೆರಿಕದಲ್ಲಿ ಇದು ಕಾಣಿಸಿಕೊಂಡದ್ದು 1830ರ ದಶಕದಲ್ಲಿ. ಊರೂರು ಸುತ್ತುವವನು ಎಂಬರ್ಥದ ಜರ್ಮನ್ ಪದ ‘ಲಾಂಡ್‌ಲಾಯ್ಫರ್’ನಿಂದ ಬಂದಿರಬಹುದು ಎಂಬುದು ಭಾಷಾತಜ್ಞರ ಊಹೆ. ಕೆಲಸವಿಲ್ಲದೆ ಅಡ್ಡಾಡುವವನು ಎಂಬಷ್ಟೇ ಅರ್ಥ. ಅಲ್ಲಿನ ಕವಿ ವಾಲ್ಟ್ ವ್ಹಿಟ್ಮನ್ ಇದನ್ನು ತಲೆಯ ಮೇಲೆ ಹೊತ್ತುಕೊಂಡ. ಶಾಲಾ ಮೇಷ್ಟ್ರಾಗಿದ್ದಾಗಲೇ, 1840ರಲ್ಲಿ, ಲೋಫರ್‌ಗಳ ಪರವಾಗಿ ಪತ್ರಿಕೆಯಲ್ಲಿ ಬರೆದ. 1855ರ ‘ಲೀವ್ಸ್ ಆಫ್ ಗ್ರಾಸ್’ ಸಂಕಲನದ ಮೊದಲ ಕವಿತೆಯಲ್ಲಿ, ಶುರುವಿನಲ್ಲಿಯೇ, ತಾನು ಹಾಗೆ ಸುಮ್ಮನೆ ಕಾಲ ಕಳೆಯುವವನೆಂದು ಹೇಳಿಕೊಂಡ. ಸುಮ್ಮನೆ ಕೂತು ಹುಲ್ಲು ನೋಡುವುದಕ್ಕೂ ಬದುಕಿನಲ್ಲಿ ಜಾಗ ಉಂಟು ಎಂಬುದು ಅವನ ನಂಬಿಕೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಲೇಸ್ ಇಲ್ಲದ ಆರಾಮದ ಶೂಗೂ ಇದೇ ಹೆಸರು ಬಂತು. ಇವತ್ತು ಆಫೀಸಿಗೆ ಹೋಗುವವರು ಅದನ್ನೇ ಹಾಕಿಕೊಳ್ಳುತ್ತಾರೆ.

ನಮ್ಮ ನೆಲದಲ್ಲಿ ಈ ಹೆಸರು ಹೊತ್ತು ತಿರುಗಿದವರಲ್ಲಿ ಬಿಳಿಯರಿದ್ದರು ಎಂಬುದು ಹಲವರಿಗೆ ಗೊತ್ತಿರಲಾರದು. ಹತ್ತೊಂಬತ್ತನೇ ಶತಮಾನದ ಭಾರತದಲ್ಲಿ ಕೆಲಸ ಕಳೆದುಕೊಂಡ ರೈಲ್ವೆ ನೌಕರರು, ಹಡಗು ಬಿಟ್ಟ ನಾವಿಕರು, ಪಲ್ಟನ್ನಿನಿಂದ ಹೊರಬಿದ್ದ ಸೋಲ್ಜರುಗಳು ಊರಿಂದೂರಿಗೆ ಅಲೆಯುತ್ತಿದ್ದರು. ಅವರನ್ನು ಇಂಗ್ಲಿಷರೇ ಲೋಫರ್ ಎಂದು ಕರೆಯುತ್ತಿದ್ದರು. ಇಂಗ್ಲಿಷ್ ಲೇಖಕ ಕಿಪ್ಲಿಂಗ್‌ನ 1888ರ ಕಥೆ ‘ದ ಮ್ಯಾನ್ ಹೂ ವುಡ್ ಬಿ ಕಿಂಗ್’ ತೆರೆದುಕೊಳ್ಳುವುದೇ ಇಂಥವರು ಕೂರುವ ರೈಲು ಡಬ್ಬಿಯಲ್ಲಿ. ಬಿಳಿಯನೊಬ್ಬ ಭಾರತೀಯರ ಮನೆ ಮುಂದೆ ಕೈಚಾಚಿ ನಿಂತರೆ ಆಳುವವರ ಮಾನ ಉಳಿಯುತ್ತದೆಯೇ? ಅದಕ್ಕೇ 1869ರಲ್ಲಿ, ಮತ್ತೆ 1874ರಲ್ಲಿ, ಯುರೋಪಿಯನ್ ಅಲೆಮಾರಿಗಳಿಗೆಂದೇ ಕಾಯ್ದೆ ಬಂತು. ಅಂಥವರನ್ನು ಹಿಡಿದು ಸರ್ಕಾರಿ ದುಡಿಮೆ ಮನೆಗೆ ಹಾಕುವುದು, ಇಲ್ಲವೇ ಹಡಗು ಹತ್ತಿಸಿ ಕಳಿಸಿಬಿಡುವುದು.

ಅದೇ ಸರ್ಕಾರ 1871ರಲ್ಲಿ ಇಲ್ಲಿನ ಅಲೆಮಾರಿಗಳಿಗೆ ಮಾಡಿದ ಕಾಯ್ದೆ ಬೇರೆಯೇ: ಕ್ರಿಮಿನಲ್ ಟ್ರೈಬ್ಸ್ ಆಕ್ಟ್. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಉಪ್ಪು, ಧಾನ್ಯ ಹೇರಿಕೊಂಡು ಊರೂರು ವ್ಯಾಪಾರ ಮಾಡುತ್ತಿದ್ದ ಕೊರಚ–ಕೊರವರೂ ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿ ಆ ಪಟ್ಟಿಗೆ ಸೇರಿದರು. ಬಡ ಬಿಳಿಯನಿಗೆ ಸ್ವದೇಶಕ್ಕೆ ಹಡಗಿನ ಟಿಕೆಟ್. ಇಲ್ಲಿಯವರಿಗೆ ಮಕ್ಕಳು ಮೊಮ್ಮಕ್ಕಳ ಹಣೆಗೂ ಅಂಟುವ ಕಳಂಕ. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಮೆತ್ತಿದ ಮಸಿ ಇನ್ನೂ ಪೂರ್ತಿ ಹೋಗಿಲ್ಲ.

ಈ ಪದದ ತವರಾದ ಅಮೆರಿಕದಲ್ಲೂ ಕಥೆ ಇದೇ. ಗುಲಾಮಗಿರಿ ಮುಗಿಯುತ್ತಿದ್ದಂತೆ, 1865ರಲ್ಲಿ, ಮಿಸಿಸಿಪ್ಪಿ ರಾಜ್ಯ ಹೊಸ ಕಾನೂನು ತಂತು. ಬಿಡುಗಡೆಯಾದ ಕರಿಯರಲ್ಲಿ ಕೆಲಸವಿಲ್ಲದವರೆಲ್ಲ ಅಪರಾಧಿಗಳು. ದಂಡ ಕಟ್ಟಲಾಗದವನನ್ನು ಯಾರು ದಂಡ ಕಟ್ಟುತ್ತಾರೋ ಅವರ ಬಳಿ ದುಡಿಯಲು ಬಿಡುವುದು. ನಿನ್ನೆಯ ಗುಲಾಮ ಇವತ್ತು ‘ಸೋಮಾರಿ’ ಎಂಬ ಹೆಸರಿನಲ್ಲಿ ಮತ್ತೆ ಅದೇ ಹತ್ತಿಹೊಲಕ್ಕೆ!

ನೂರು ವರ್ಷ ಕಳೆದರೂ ಇಂಥ ಕಾನೂನುಗಳು ಉಳಿದಿದ್ದವು. ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ ಭಾನುವಾರ ಬೆಳಗಿನ ಜಾವ ಒಂದು ಕಾರು ಹೋಗುತ್ತಿತ್ತು. ಒಳಗೆ ಇಬ್ಬರು ಬಿಳಿಯ ಹೆಣ್ಣುಮಕ್ಕಳು, ಇಬ್ಬರು ಕರಿಯ ಗಂಡಸರು. ಊಟ ಮುಗಿಸಿ ನೈಟ್‌ಕ್ಲಬ್ಬಿಗೆ ಹೊರಟಿದ್ದರು. ಪೊಲೀಸರು ನಾಲ್ವರನ್ನೂ ಹಿಡಿದರು. ಹಳೇ ಕಾರು ಮಾರುವ ಅಂಗಡಿಯ ಹತ್ತಿರ ನಿಂತಿದ್ದರು, ಅಲ್ಲಿ ಹಿಂದೆ ಹಲವು ಸಲ ಕಳ್ಳತನವಾಗಿತ್ತು ಎಂಬುದು ಕೊಟ್ಟ ಕಾರಣ. ಆ ರಾತ್ರಿ ಅಲ್ಲಿ ಕಳ್ಳತನ ನಡೆದ ಸುಳಿವೇ ಇರಲಿಲ್ಲ. ಆ ನಗರದ ಕಾನೂನಿನಲ್ಲಿ ಶಿಕ್ಷಾರ್ಹರ ಉದ್ದನೆಯ ಪಟ್ಟಿ ಇತ್ತು. ಕಳ್ಳರು, ಕುಡುಕರು, ಜೂಜುಕೋರರ ಜೊತೆಗೆ ‘ಅಭ್ಯಾಸಬಿದ್ದ ಲೋಫರ್‌ಗಳು’ ಎಂದೂ ಅಚ್ಚಾಗಿತ್ತು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಯಾರನ್ನು ಬೇಕಾದರೂ ಹಿಡಿಯಲು ಬಿಡುವಷ್ಟು ಸಡಿಲವಾದ ಕಾನೂನು ಕಾನೂನೇ ಅಲ್ಲ ಎಂಬುದು ತೀರ್ಪಿನ ಸಾರ. ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್, ಅಲೆದಾಟದ ಹಿರಿಮೆ ಹೇಳುವಾಗ ನೆನೆದದ್ದು ಆ ವ್ಹಿಟ್ಮನ್‌ನನ್ನೇ.

ಮಿಸಿಸಿಪ್ಪಿಯಲ್ಲಾಗಲಿ, ಮದ್ರಾಸಿನಲ್ಲಾಗಲಿ ಕಾನೂನು ಮಾಡಿದ ಮೋಸ ಒಂದೇ. ಕೆಲಸವಿಲ್ಲದಿರುವುದನ್ನೂ ಕೆಟ್ಟತನವನ್ನೂ ಒಂದೇ ಗಂಟಿಗೆ ಕಟ್ಟಿತು. ನಮ್ಮ ನಾಲಿಗೆ ‘ಲೋಫರ್’ ಎನ್ನುವಾಗ ಮಾಡುವುದೂ ಅದನ್ನೇ. ಹೆಣ್ಣುಮಕ್ಕಳನ್ನು ಕಾಡುವವರಲ್ಲಿ ತಿಂಗಳ ಸಂಬಳ ಎಣಿಸುವವರು ಎಷ್ಟಿಲ್ಲ? ಅರಳಿಕಟ್ಟೆಯಲ್ಲಿ ಕೂತ ಹುಡುಗರಲ್ಲಿ ಅಪ್ಪನ ಔಷಧಿ ತರುವವರು, ತಂಗಿಯ ಫೀಸಿಗೆ ಪರದಾಡುವವರು ಎಷ್ಟಿಲ್ಲ? ಕೆಲಸ ಇದ್ದೂ ಮಾಡದವನು ಬೇರೆ, ಕೇಳಿಯೂ ಸಿಗದವನು ಬೇರೆ.

ಈ ವ್ಯತ್ಯಾಸವನ್ನು ಸರ್ಕಾರಗಳೂ ಈಗ ಒಪ್ಪಿವೆ. ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಹೇಳಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿಯಂತೆ ಎರಡು ವರ್ಷದವರೆಗೆ ಕೊಡುವ ಯುವನಿಧಿ ನಮ್ಮ ಕರ್ನಾಟಕದಲ್ಲಿ 2024ರಲ್ಲಿ ಶುರುವಾಯಿತು. ಯೋಜನೆಗಳ ಬಗ್ಗೆ ವಾದ ಇರಲಿ. ಕೆಲಸವಿಲ್ಲದಿರುವುದು ಹುಡುಗನೊಬ್ಬನ ಅಪರಾಧವಲ್ಲ ಎಂಬ ಮಾತು ಕಡೆಗೂ ಸರ್ಕಾರಿ ಕಾಗದದ ಮೇಲೆ ಬಂತು. ಮನೆಯ ಜಗಲಿಗೆ ಇನ್ನೂ ಬಂದಿಲ್ಲ.

ಹೆಣ್ಣುಮಕ್ಕಳನ್ನು ಕಾಡಿದವನನ್ನು ಅವನು ಮಾಡಿದ ತಪ್ಪಿನ ಹೆಸರು ಹಿಡಿದೇ ಬೈಯೋಣ, ಪೊಲೀಸರಿಗೆ ಒಪ್ಪಿಸೋಣ. ಕೆಲಸ ಸಿಗದವನಿಗೆ ಮಾತ್ರ ಆ ಬೈಗುಳ ಬೇಡ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಅಂಥ ಹುಡುಗನಿದ್ದರೆ ಕರೆದು ಕೂರಿಸಿ, ಎಲ್ಲೆಲ್ಲಿ ಅರ್ಜಿ ಹಾಕಿದ್ದೀಯಪ್ಪ ಎಂದು ಕೇಳಿ. ನಿಮಗೆ ಗೊತ್ತಿರುವ ಒಂದು ಕಡೆ ಅವನ ಹೆಸರು ಹೇಳಿ.