ಕಿಡಿಯ ಹೊಣೆ ಯಾರದು?

ಹೊರನಾಡು, ಕಳಸದ ಸುತ್ತಲಿನ ಬೆಟ್ಟಗಳಲ್ಲಿ ನೆತ್ತಿಯ ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಬೆಂಕಿ ಬಿದ್ದರೆ ಹುಲ್ಲು ಮಳೆ ಬಂದೊಡನೆ ಬೇರಿನಿಂದ ಚಿಗುರುತ್ತದೆ. ಶೋಲಾದ ಮರಗಳು ತಾಳಲಾರವು. ಇಂಥ ನೆಲದಲ್ಲಿ ಬೆಂಕಿ ಹಚ್ಚುವವರು ಯಾರು, ಆರಿಸುವವರು ಯಾರು ಎಂಬ ಪ್ರಶ್ನೆಗೆ ದೀರ್ಘ ಚರಿತ್ರೆಯಿದೆ.

ಪಶ್ಚಿಮ ಘಟ್ಟದ ಕುಮರಿ ಬೇಸಾಯ ಬೆಂಕಿಯನ್ನೇ ನಂಬಿತ್ತು. ಕಾಡಿನ ತುಂಡೊಂದನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ಬಿತ್ತುತ್ತಿದ್ದರು. ಮೈಸೂರು ಸೀಮೆಯಲ್ಲಿ ವೈದ್ಯನಾಗಿದ್ದು, 1856ರಲ್ಲಿ ಮದ್ರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಇದನ್ನು ವಿರೋಧಿಸಿದ. 1860ರಲ್ಲಿ ಮದ್ರಾಸ್ ಸರ್ಕಾರ ಘಟ್ಟದ ಕೆಳಗಿನ ಕೆನರಾದ ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು.

ಆಮೇಲಿನ ಅರಣ್ಯ ಕಾನೂನುಗಳನ್ನು ಓದುವಾಗ ನನ್ನ ಗಮನ ಸೆಳೆದದ್ದು ಅಲ್ಲಿ ಜೊತೆಯಾಗಿರುವ ಎರಡು ಮಾತುಗಳು. 1927ರ ಭಾರತೀಯ ಅರಣ್ಯ ಕಾಯ್ದೆಯ 26ನೇ ಕಲಮು, ಅಧಿಕಾರಿ ಸೂಚಿಸಿದ ಕಾಲದ ಹೊರತು ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದನ್ನಷ್ಟೇ ಅಲ್ಲ, ಒಯ್ಯುವುದನ್ನೂ ತಡೆಯುತ್ತದೆ. 79ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಕಾಡಿನಲ್ಲಿ ದನ ಮೇಯಿಸುವ, ಮರ ಕಡಿಯುವ, ಉತ್ಪನ್ನ ತರುವ ಹಕ್ಕು ಅಥವಾ ಅನುಮತಿ ಉಳ್ಳವರು ಕಾಳ್ಗಿಚ್ಚಿನ ಸುದ್ದಿ ಮುಟ್ಟಿಸಬೇಕು, ಆರಿಸಲು ನೆರವಾಗಬೇಕು. ಹಕ್ಕಿನ ಜೊತೆಗೇ ಹೊಣೆ.

ಈ ಜೋಡಿ ಈಗ ಸಡಿಲವಾಗಿದೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ರಾಷ್ಟ್ರೀಯ ಉದ್ಯಾನದಲ್ಲಿ ಮೇವಿನ ಹಕ್ಕಿಗೆ ಎಡೆಯಿಲ್ಲ. ಹಕ್ಕು ಹೋದ ಕಡೆ ಬೆಂಕಿ ಆರಿಸಲು ಮೊದಲು ಓಡುತ್ತಿದ್ದ ಕಾಲುಗಳೂ ಕಡಿಮೆಯಾಗುತ್ತವೆ. ಅದೇ ಹೊತ್ತಿಗೆ ಕಾಫಿ ತೋಟಗಳ ನಡುವೆ ಹೋಮ್‌ಸ್ಟೇಗಳು ಬಂದವು, ಕ್ಯಾಂಪ್‌ಫೈರ್ ಬಂತು. ಪ್ರವಾಸಿಗೆ ಈ ಕಾಡಿನಲ್ಲಿ ಹಕ್ಕೂ ಇಲ್ಲ, ಹಳೆಯ ಹೊಣೆಯೂ ಇಲ್ಲ. ಬೇಸಿಗೆಯಲ್ಲಿ ಚಾರಣ ನಿಲ್ಲಿಸುವ ಆದೇಶಗಳು ಈ ತೆರಪನ್ನು ತುಂಬುವ ಪ್ರಯತ್ನ.

ನಿಷೇಧ ಬೇಕೇ ಬೇಕು. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ತರಗೆಲೆಯ ಮೇಲೆ ಬಿದ್ದ ಕಿಡಿ ಗಾಳಿಗೆ ಗುಡ್ಡವೇರುತ್ತದೆ. ಮೇಲೆ ತಣ್ಣಗೆ ಕಂಡ ಬೂದಿಯೊಳಗೆ ಕೆಂಡ ಉಳಿದಿರುತ್ತದೆ. ಬೆಂಕಿಗೆ ಅನುಮತಿ ಇರುವ ಜಾಗದಲ್ಲೂ ಸುತ್ತಲಿನ ನೆಲ ಗುಡಿಸಿ, ನೀರು ಪಕ್ಕದಲ್ಲಿಟ್ಟು, ಕೊನೆಗೆ ಬೂದಿಯನ್ನು ಕೆದಕಿ, ನೆನೆಸಿ, ಕೈಗೆ ತಣ್ಣಗಾಗುವವರೆಗೆ ಕಾಯಬೇಕು.

ಆದರೆ ಫಲಕದ ಮೇಲಿನ ನಿಷೇಧ ಬೆಂಕಿ ಆರಿಸುವುದಿಲ್ಲ. ಅದಕ್ಕೆ ಗಾಳಿಯ ದಿಕ್ಕು, ನೀರಿನ ಜಾಡು ಬಲ್ಲ ಊರವರು ಬೇಕು. ಅವರಿಗೆ ಕಾಡಿನಲ್ಲಿ ಏನೂ ಉಳಿಸದೆ, ಬೆಂಕಿ ಬಿದ್ದ ದಿನ ಮಾತ್ರ ಕರೆಯುವುದು ನ್ಯಾಯವೇ?